ಗಾಳಿ ಹಿಡಿಯದ ಅಂಗಿ

ಕುಷ್ಟಗಿಯಲ್ಲಿ ನಾನು ಹೊಲಿದ ಜಂಪರನ್ನು ಸರಿಯಿಲ್ಲವೆಂದು ಯಾರೂ ತಿರುಗಿ ತಂದಿಲ್ಲ. ಜಂಬವೆಂದರೆ ಜಂಬವೇ ಅನ್ನಿ. ತೋಳಿನಲ್ಲಿ ಒಂದು ಸುಕ್ಕು ಕಂಡರೂ ಬಿಚ್ಚಿ ಮತ್ತೆ ಹೊಲಿಯುವವಳು ನಾನು. ಅಂಥ ನಾನೇ, ಹೆತ್ತ ಮಗಳಿಗೆ ಚೀಲದಂಥ ಅಂಗಿ ಹೊಲಿದುಕೊಟ್ಟು ಅವಳ ಒಂದು ವರ್ಷ ಹಾಳುಮಾಡಿದೆ.

ಮಗಳಿಗೆ ಸೈಕಲ್ ಹುಚ್ಚು. ವಿಜಯಪುರದ ಕಡೆ ಸೈಕಲ್ ಕಲಿಸುವ ಹಾಸ್ಟೆಲ್ ಸೇರಬೇಕೆಂದು ಹಟ ಹಿಡಿದಿದ್ದಳು. ಅದಕ್ಕೆ ಕೊಪ್ಪಳದಲ್ಲಿ ಆಯ್ಕೆ ನಡೆಯುತ್ತದೆ. ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ರಸ್ತೆಗೆ ಬಿಟ್ಟು ಸಮಯ ನೋಡುತ್ತಾರೆ. ಮೊದಲ ವರ್ಷ ಮೂರೇ ಸೆಕೆಂಡಿನಲ್ಲಿ ತಪ್ಪಿತು. ಮರುವರ್ಷವೂ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಆಮೇಲೆ ಆ ಬಾಗಿಲು ಮುಚ್ಚಿದಂತೆಯೇ.

ಬೆಳೆಯುವ ಮಕ್ಕಳಿಗೆ ನಮ್ಮಲ್ಲಿ ಯಾರೂ ಮೈಯಳತೆಗೆ ಸರಿಯಾಗಿ ಹೊಲಿಸುವುದಿಲ್ಲ. “ಇನ್ನೂ ಎರಡ ವರ್ಷ ಬರಬೇಕು ನೋಡ್ರಿ” ಎಂದೇ ಬಟ್ಟೆ ಕೊಡುತ್ತಾರೆ. ಅವಳ ಸೈಕಲ್ ಅಂಗಿಯನ್ನೂ ನಾನು ಹಾಗೆಯೇ ಹೊಲಿದಿದ್ದೆ. ಮೈ ಸಡಿಲ, ತೋಳು ಸಡಿಲ, ಮುಂದೆ ಬಿಚ್ಚಿಕೊಳ್ಳಲು ಒಳಗೆ ಎರಡೆರಡು ಬೆರಳಷ್ಟು ಬಟ್ಟೆ. ಪ್ರೀತಿಯಿಂದಲೇ ಬಿಟ್ಟಿದ್ದೆ, ಸುಳ್ಳೇಕೆ ಹೇಳಲಿ.

ಆಷಾಢದಲ್ಲಿ ನಮ್ಮ ಕಡೆಯ ಗಾಳಿ ನಿಂತವರನ್ನೇ ದಬ್ಬುತ್ತದೆ. ಒಂದು ಬೆಳಿಗ್ಗೆ ಯಜಮಾನರ ಬೈಕಿನ ಹಿಂದೆ ಕೂತು ಅವಳ ಅಭ್ಯಾಸ ನೋಡಲು ಹೋದೆ. ಎದುರು ಗಾಳಿಗೆ ಬಗ್ಗಿ ತುಳಿಯುತ್ತಿದ್ದಾಳೆ, ಬೆನ್ನ ಮೇಲೆ ಅಂಗಿ ಉಬ್ಬಿ ಪಟಪಟ ಬಡಿದುಕೊಳ್ಳುತ್ತಿದೆ. ಅವಳಿಗೆ ಕಲಿಸುತ್ತಿದ್ದ ಶಾಲೆಯ ಪಿಟಿ ಸರ್ ತಮ್ಮ ಗಾಡಿಯನ್ನು ನಮ್ಮ ಪಕ್ಕಕ್ಕೆ ತಂದರು.

“ಅಕ್ಕಾರ, ಹುಡುಗಿ ಕಾಲಾಗ ಕಸುವು ಭಾಳ ಐತ್ರಿ. ಆದ್ರ ಅರ್ಧ ಕಸುವು ಆ ಅಂಗಿ ಎಳಕೊಂಡು ಹೋಗಾಕ ಖರ್ಚಾಗಾಕತ್ತೈತಿ.”

ಮುಖಕ್ಕೆ ಹೊಡೆದಂತಾಯಿತು. ಸಿಟ್ಟನ್ನು ಯಜಮಾನರ ಮೇಲೆ ತೀರಿಸಿಕೊಂಡೆ. “ದಿನಾ ಹಿಂದ ಬರ್ತೀರಿ, ನಿಮಗರ ಕಣ್ಣಿಲ್ಲೇನು?”

“ಅಂಗಿ ಹೊಲದಾಕಿ ನೀನೋ ನಾನೋ?” ಎಂದು ಅವರು ನಕ್ಕರು. ಬೆನ್ನಿಗೊಂದು ಗುದ್ದಿದೆ.

ಅಂದೇ ನಡುಮನೆಯಲ್ಲಿ ಸೈಕಲ್ ನಿಲ್ಲಿಸಿ, ಯಜಮಾನರಿಗೆ ಹಿಡಿದುಕೊಳ್ಳಲು ಹೇಳಿ, ಮಗಳನ್ನು ಹತ್ತಿಸಿದೆ. ನಿಂತವರ ಅಳತೆ ತೆಗೆದೇ ನನ್ನ ಆಯುಷ್ಯ ಕಳೆದಿದೆ. ಬಗ್ಗಿದವರ ಅಳತೆ ಅದೇ ಮೊದಲು. ಬಗ್ಗಿದಾಗ ಬೆನ್ನು ನಾಲ್ಕು ಬೆರಳು ಉದ್ದವಾಗುತ್ತದೆ, ಹೊಟ್ಟೆಯ ಮುಂದೆ ಬಟ್ಟೆ ಮಡಿಕೆ ಬೀಳುತ್ತದೆ. ಹಿಂದೆ ಉದ್ದ, ಮುಂದೆ ಗಿಡ್ಡ ಎಂದು ಗುರುತು ಮಾಡಿಕೊಂಡೆ. ಹೆಗಲಿನ ಹೊಲಿಗೆ ಗಾಳಿಗೆ ಎದುರಾಗುತ್ತದೆಂದು ಅದನ್ನು ಬೆನ್ನಿನತ್ತ ಸರಿಸಿದೆ. ಜಿಪ್ಪನ್ನು ತೆಗೆದೇಬಿಟ್ಟೆ, ತಲೆಯ ಮೇಲಿಂದಲೇ ಹಾಕಿಕೊಳ್ಳಲಿ ಎಂದು.

“ಯವ್ವಾ, ಟೇಪು ತಣ್ಣಗೈತಿ, ಕಚಗುಳಿ ಆಗತೈತಿ!”

“ಸುಮ್ನ ಬಗ್ಗು. ಅಲುಗಾಡಿದ್ರ ಮತ್ತ ಮೂರು ಸೆಕೆಂಡ್ ಹೋಗ್ತಾವ ನೋಡು.”

ಹಾಗೆ ಅಂದಮೇಲೆ ನನ್ನ ನಾಲಿಗೆಗೆ ಬೆಂಕಿ ಹತ್ತಲಿ ಅನ್ನಿಸಿತು. ಅವಳು ಇನ್ನಷ್ಟು ಬಗ್ಗಿದಳು. ಟೇಪು ಬಿಟ್ಟು ಆ ಸಣ್ಣ ಬೆನ್ನಿನ ಮೇಲೆ ಅಂಗೈ ಇಟ್ಟೆ, “ತಪ್ಪು ನಂದವ್ವಾ” ಎಂದೆ.

ತೋಳಿನ ಬಟ್ಟೆಯ ವಿಷಯಕ್ಕೆ ಪಿಟಿ ಸರ್ ಮತ್ತು ನನಗೆ ಜಗಳವೇ ಆಯಿತು. ತೋಳು, ಹೆಗಲಿಗೆ ಕೈಗೆ ಉಬ್ಬು ತಗಲುವ ಸಣ್ಣ ಗೆರೆಗೆರೆಯ ಬಟ್ಟೆ ಹಾಕಿ ಎಂದು ಅವರು. ನುಣುಪಿದ್ದಷ್ಟೂ ಗಾಳಿ ಜಾರುತ್ತದಲ್ಲ, ಎಂದು ನಾನು. “ಎಲ್ಲಾ ಕಡೆ ಹಂಗಿಲ್ರಿ ಅಕ್ಕಾರ. ಪೂರಾ ನುಣುಪಿದ್ರ ಗಾಳಿ ತೋಳು ಬಿಟ್ಟು ಲಗೂನ ಹಾರತೈತಿ, ಹಿಂದ ಸುಳಿ ಎದ್ದು ಜಗ್ಗತೈತಿ. ತುಸು ಒರಟಿದ್ರ ಮೈ ಹಿಡಕೊಂಡು ಹಿಂದಿನತನಕ ಸುತ್ತಿ ಬರತೈತಿ.” ನಾನು ನಂಬಲಿಲ್ಲ. ಎರಡು ತರಹದ ಅಂಗಿಯನ್ನೂ ಹೊಲಿದೆ.

ಗಾಳಿ ಇಲ್ಲದ ಒಂದು ಮುಂಜಾನೆ ಊರಾಚೆಯ ಇಳಿಜಾರಿಗೆ ಹೋದೆವು. ಮೇಲಿನಿಂದ ಪೆಡಲ್ ತುಳಿಯದೆ ಅವಳು ಇಳಿದು ಬರಬೇಕು, ಸೈಕಲ್ ತಾನಾಗಿ ನಿಂತಲ್ಲಿ ನಾನು ಹೊಲಿಗೆಯ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಹಳೆಯ ಅಂಗಿಯ ಗೆರೆ ಜಾಲಿ ಗಿಡದ ಹತ್ತಿರ ಬಿತ್ತು. ಬಿಗಿಯಾದ ನುಣುಪು ಅಂಗಿ ಅದನ್ನು ದಾಟಿ ಮೋರಿಯವರೆಗೆ ಹೋಯಿತು. ಗೆರೆಗೆರೆ ತೋಳಿನ ಅಂಗಿಯದು ಮೋರಿಯಿಂದಾಚೆ ಇನ್ನೂ ಎರಡು ಮಾರು! ಮತ್ತೆ ಮತ್ತೆ ಇಳಿಸಿದೆ, ಪ್ರತಿಸಲವೂ ಅಷ್ಟೇ. ಪಿಟಿ ಸರ್ ಮೀಸೆಯಲ್ಲಿ ನಕ್ಕರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆಯ್ಕೆಯ ದಿನ ಕೊಪ್ಪಳದ ಹೊರಗಿನ ರಸ್ತೆಯಲ್ಲಿ ನಿಂತು ಕಾಯುತ್ತಿದ್ದೆ. ಅವಳು ಹಿಂತಿರುಗಿ ಬರುವಾಗ ನಾನು ಮೊದಲು ನೋಡಿದ್ದು ಬೆನ್ನನ್ನು. ಒಂದು ಎಳೆಯೂ ಅಲುಗುತ್ತಿರಲಿಲ್ಲ. ಕೊನೆಯ ಗೆರೆ ದಾಟಿ, ಸೈಕಲ್ ಅಪ್ಪನ ಕೈಗೆ ಕೊಟ್ಟು, ನೆಲಕ್ಕೆ ಕುಸಿದು ಕೂತಳು. ಮಧ್ಯಾಹ್ನ ಪಟ್ಟಿ ಓದಿದರು. ಅವಳ ಹೆಸರು ಎರಡನೆಯದು. ನಾನು ಕೂಗಿದ್ದು ಎಷ್ಟು ದೂರ ಕೇಳಿತೋ, ಪಕ್ಕದ ಹೆಣ್ಣುಮಗಳು ಬೆಚ್ಚಿ ಸೆರಗು ಸರಿಮಾಡಿಕೊಂಡಳು.

“ಮಂಗಳವಾರನ ಹಾಸ್ಟೆಲಿಗೆ ಬರಬೇಕಂತ” ಎಂದರು ಯಜಮಾನರು. ಮಂಗಳವಾರಕ್ಕೆ ನಾಲ್ಕೇ ದಿನ.

ಬಟ್ಟೆ ಬದಲಿಸಲು ಅವಳನ್ನು ಅಲ್ಲಿಯ ಖಾಲಿ ಕೋಣೆಯೊಂದಕ್ಕೆ ಕರೆದುಕೊಂಡು ಹೋದೆ. ಬೆವರಿಗೆ ಅಂಗಿ ಮೈಗೆ ಅಂಟಿತ್ತು; ಒಬ್ಬಳೇ ಎಳೆದು ಎಳೆದು ಸೋತಳು. “ಕೈ ಎತ್ತು” ಎಂದೆ. ಹದಿನಾಲ್ಕರ ಹುಡುಗಿ ಎರಡೂ ಕೈ ಮೇಲೆತ್ತಿ ನಿಂತಳು. ನಾನು ಕೆಳಗಿನಿಂದ ಮೆಲ್ಲಗೆ ಸುಲಿಯುತ್ತ ಬಂದೆ. ಅಂಗಿ ತಲೆಯ ಹತ್ತಿರ ಸಿಕ್ಕಿಕೊಂಡಿತು. ಮುಖ ಕಾಣುತ್ತಿರಲಿಲ್ಲ, ಒಳಗಿನಿಂದ ದನಿ ಮಾತ್ರ ಬಂತು.

“ಯವ್ವಾ, ಅಲ್ಲಿ ಹಾಸ್ಟೆಲಿನಾಗ ಇದನ್ನ ಯಾರು ಬಿಚ್ಚತಾರ?”

ನಾನು ಎಳೆಯುವುದನ್ನು ನಿಲ್ಲಿಸಿದೆ.