ಹುಲ್ಲಿನ ಗಾಡಿಯ ಬೇರಿಂಗು, ನಿಮ್ಮ ಅಜ್ಜನ ಕಿವಿ

ಸಿರಿ, ಚೇತನ, ಹೋದ ಭಾನುವಾರ ನಡುಮನೆಯ ಫ್ಯಾನು ಕಿರ್ರೆಂದಾಗ ನಾನು "ಬೇರಿಂಗ್ ಹೋಗೈತೆ, ಬಂದ್ ಮಾಡ್ರಿ" ಅಂದೆ. ನೀವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಕೊಂಡಜ್ಜಿ ಅನ್ನೋ ಹಳ್ಳಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಅಜ್ಜಿಯ ಬಾಯಲ್ಲಿ ಬೇರಿಂಗ್ ಅಂದರೆ ಯಾರಿಗಾದರೂ ನಗು ಬರುತ್ತದೆ, ಬರಲಿ. ಆದರೆ ಅಜ್ಜನ ಮಾತು ಬಂದಾಗ ಚೇತನ ಅಂದದ್ದು ಮಾತ್ರ ನನ್ನೊಳಗೇ ಉಳಿದಿದೆ. "ಅಜ್ಜಂಗೆ ನಾವಂದ್ರೆ ಆಗ್ತಿರ್ಲಿಲ್ಲ. ಎಷ್ಟು ಕರೆದ್ರೂ ತಿರುಗಿ ನೋಡ್ತಿರ್ಲಿಲ್ಲ." ಎದುರಿಗೆ ಉತ್ತರ ಕೊಡುವ ಧೈರ್ಯ ನನಗೆ ಎಂದೂ ಇಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹರಿಹರದಲ್ಲಿ ಆಯಸ್ಸೆಲ್ಲ ಯಂತ್ರಗಳ ಸದ್ದಿನೊಳಗೆ ಕಳೆದು ನಿವೃತ್ತರಾದ ಮೇಲೆ, ಅಜ್ಜ ವಿದ್ಯಾನಗರದ ಒಂದು ಕಾಲೇಜಿನ ಮೈದಾನ ನೋಡಿಕೊಳ್ಳುತ್ತಿದ್ದರು. ಅಲ್ಲೊಂದು ಹಳೆಯ ಹುಲ್ಲು ಕತ್ತರಿಸುವ ಗಾಡಿ, ಟ್ರ್ಯಾಕ್ಟರಿನ ಮರಿಯ ಹಾಗೆ. ಮೇಲೆ ಕೂತು ಓಡಿಸಬೇಕು. ಗಾಡಿಯ ಹೊಟ್ಟೆಯ ಕೆಳಗೆ ಡೆಕ್ಕು ಅನ್ನೋ ಅಗಲವಾದ ತಗಡಿನ ಮುಚ್ಚಳದೊಳಗೆ ಮೂರು ಬ್ಲೇಡು ಗಿರಗಿರ ತಿರುಗುತ್ತವೆ. ಅದರ ಮೇಲೆ ಅವರ ಠೀವಿ ನೋಡಬೇಕಿತ್ತು. ನಮ್ಮ ಮದುವೆಯ ಮೆರವಣಿಗೆಯಲ್ಲೂ ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಒಂದು ದಿನ ರೊಟ್ಟಿಬುತ್ತಿ ಕೊಡಲು ಹೋದೆ. ಎಣ್ಣೆ ಕಾಣದ ಬಾವಿಯ ರಾಟೆಯಂಥ ಸದ್ದು ಗೇಟಿನವರೆಗೂ ಕೇಳುತ್ತಿತ್ತು. ಇವರು ಮಾತ್ರ ನಗುಮುಖದಿಂದ ಓಡಿಸುತ್ತಿದ್ದಾರೆ. ಕೈಬೀಸಿ ನಿಲ್ಲಿಸಿ ಹತ್ತಿರ ಹೋದೆ.

"ಏನೇ?" ಎಂದರು.

"ಗಾಡಿ ಕೂಗ್ತೈತಲ್ರಿ."

"ಎಲ್ಲಿ ಕೂಗ್ತೈತೆ? ಹೂವಿನಂಗೆ ಓಡ್ತಾ ಐತೆ."

ನಾನು ಅವರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಮನೆಯ ಟಿವಿಯ ಸದ್ದು ಏರುತ್ತಾ ಹೋದದ್ದು, ಕರೆದರೆ ಓಗೊಡದೆ ಹೋಗುತ್ತಿದ್ದದ್ದು, ಎಲ್ಲದರ ಕಾರಣವೂ ಒಂದೇ ಸಲ ತಿಳಿಯಿತು. ಕೆಳಗಿಳಿದು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಯಾರಿಗೂ ಹೇಳಬ್ಯಾಡ. ಕಿವುಡನ ಕೈಗೆ ಗಾಡಿ ಕೊಡಲ್ಲ ಅಂತಾರೆ." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಯಾವುದು ಹೋಗೈತೆ, ನೀನೇ ಕೇಳಿ ಹೇಳು" ಎಂದರು. ಅಲ್ಲಿಯವರೆಗೆ ನೀರು, ಊಟ ಬಿಟ್ಟು ಅವರು ನನ್ನನ್ನು ಏನೂ ಕೇಳಿದವರಲ್ಲ.

ಶೆಡ್ಡಿನಲ್ಲಿ ಎಂಜಿನ್ ಆರಿಸಿ, ಬೆಲ್ಟು ತೆಗೆದು, ನನ್ನ ಕೈಗೆ ಉದ್ದನೆಯ ಸ್ಕ್ರೂಡ್ರೈವರ್ ಕೊಟ್ಟರು. ಅದರ ತುದಿಯನ್ನು ಬ್ಲೇಡಿನ ಮೇಲಿನ ಕಬ್ಬಿಣದ ಗೂಡಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಳ್ಳಬೇಕು. ಅವರು ಕೈಯಿಂದ ಒಂದೊಂದೇ ಬ್ಲೇಡು ತಿರುಗಿಸಿದರು. ಮೊದಲಿನ ಎರಡೂ ಸುಮ್ಮನಿದ್ದವು. ಮೂರನೆಯದರಲ್ಲಿ ಕರಕರ.

"ಇದರೊಳಗೆ ಯಾರೋ ರಾಗಿ ಬೀಸ್ತಾ ಅದಾರೆ" ಅಂದೆ.

ಅವರು ಬ್ಲೇಡು ಹಿಡಿದು ಅಲ್ಲಾಡಿಸಿ, "ಖರೆ ಐತೆ" ಎಂದರು. ಆ ಗೂಡನ್ನು ಬಿಚ್ಚಿ, ಒಳಗಿನ ಹಳೆಯ ಬೇರಿಂಗ್ ಜೋಡಿಯನ್ನು ತಟ್ಟಿ ಹೊರಗೆ ತೆಗೆದರು.

ಖಾಲಿ ಗೂಡನ್ನೂ ಬಜಾರಿನ ಹೊಸ ಜೋಡಿಯನ್ನೂ ಮನೆಗೆ ತಂದು, ಬೇರಿಂಗ್ ಫ್ರಿಜ್ಜಿನಲ್ಲಿಡು ಎಂದರು. ತಣ್ಣಗಾದರೆ ಬೇರಿಂಗ್ ಕೂದಲೆಳೆಯಷ್ಟು ಕುಗ್ಗುತ್ತದಂತೆ. ಅದು ಕೂರುವ ಕಬ್ಬಿಣದ ಗೂಡು ಬಿಸಿಯಾದರೆ ಹಿಗ್ಗುತ್ತದಂತೆ. ಆಗ ಸುತ್ತಿಗೆಯ ಏಟು ಬೇಕಾಗುವುದಿಲ್ಲ. ಅದೆಲ್ಲ ಸರಿ, ಆದರೆ ದೇವರ ನೈವೇದ್ಯದ ಹಾಲಿಡುವ ಫ್ರಿಜ್ಜಿನಲ್ಲಿ ಆ ಜಿಡ್ಡು ಇಡುವುದು ಹೇಗೆ? ನನಗೆ ತಡೆಯಲಿಲ್ಲ. ಸೀಗೆಪುಡಿ ಹಾಕಿ ಎರಡನ್ನೂ ತಿಕ್ಕಿ ತೊಳೆದು, ಒರೆಸಿ, ಸ್ಟೀಲ್ ಡಬ್ಬಿಯಲ್ಲಿಟ್ಟೆ. ಬೆಳಿಗ್ಗೆ ಅವರು ಡಬ್ಬಿ ತೆಗೆದು ಮೂಸಿದರು.

"ಇದೇನೇ, ಸೀಗೆಕಾಯಿ ವಾಸನೆ?"

"ಜಿಡ್ಡಿತ್ತಲ್ರಿ, ತೊಳೆದೆ."

"ಬೇರಿಂಗಿಗೆ ತಲೆಗೆ ಎರೆದೀಯಾ! ಹಣೆಗೆ ವಿಭೂತಿ ಹಚ್ಚೋದೊಂದು ಬಾಕಿ!"

ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಎರಡೂ ಬದಿಗೆ ರಬ್ಬರಿನ ಮುಚ್ಚಳವಿದ್ದುದರಿಂದ ಒಳಗಿನ ಗ್ರೀಸು ಉಳಿದಿತ್ತು, ನನ್ನ ಪುಣ್ಯ. ಹೊರಗೆ ಎಣ್ಣೆ ಸವರಿ, ನನ್ನ ರೊಟ್ಟಿ ಹಂಚಿನ ಮೇಲೆ ಬಿಸಿಮಾಡಿದ ಗೂಡಿನೊಳಗೆ ಇಟ್ಟರೆ, ಎರಡೂ ತಕರಾರಿಲ್ಲದೆ ಕೂತುಬಿಟ್ಟವು.

ಅಂದಿನಿಂದ ಗಾಡಿ ಓಡುವಾಗೆಲ್ಲ ನಾನು ಮೈದಾನದ ಬೇವಿನ ಮರದ ಕೆಳಗೆ ಕೂರುತ್ತಿದ್ದೆ. ಸದ್ದು ಬದಲಾದರೂ, ಯಾರಾದರೂ ಅಡ್ಡ ಬಂದರೂ ಎದ್ದುನಿಂತು ಕೈ ಎತ್ತಬೇಕು. ನೆಂಟರ ಮುಂದೆಯೇ ತಲೆ ಎತ್ತದ ನಾನು ಅಷ್ಟು ಹುಡುಗರ ಎದುರು! "ಅಮ್ಮಾರಿಗೆ ಯಜಮಾನ್ರನ್ನ ಬಿಟ್ಟಿರಾಕ ಆಗಲ್ಲ ನೋಡ್ರಿ" ಎಂದು ವಾಚ್‌ಮನ್ ಛೇಡಿಸುತ್ತಿದ್ದ. ಸೆರಗು ಸರಿಮಾಡಿಕೊಂಡು ಮತ್ತೆ ಗಾಡಿಯ ಸದ್ದಿಗೆ ಕಿವಿಗೊಡುತ್ತಿದ್ದೆ. ಅವನು ಹಾಗೆಂದುಕೊಂಡರೆ ನಮಗೆ ಒಳ್ಳೆಯದೇ ಆಗಿತ್ತು.

ನೀವು ಮಾತು ಕಲಿಯುವ ಹೊತ್ತಿಗೆ ಅವರ ಕಿವಿ ಮುಕ್ಕಾಲು ಹೋಗಿತ್ತು. ಚೇತನ, ನೀನು ಕರೆದದ್ದು ಅವರಿಗೆ ಕೇಳಲಿಲ್ಲ ಕಣಪ್ಪ, ಅಷ್ಟೇ. ನೀವು ಆಡಿ ಮಲಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತು ಏನೇನಂದ್ರು ಹುಡುಗ್ರು?" ಎಂದು ಕೇಳುತ್ತಿದ್ದರು. ಅವರ ಕಿವಿಗೆ ಬಾಯಿಟ್ಟು ಒಂದೂ ಬಿಡದೆ ಹೇಳುತ್ತಿದ್ದೆ. "ಅಜ್ಜ, ಹಾಲು ಕುಡಿದು ಮೀಸೆ ಒರೆಸ್ಕೊಂಡಿಲ್ವಾ?" ಅಂತ ಸಿರಿ ಒಂದು ಸಂಜೆ ಅವರ ಬಿಳಿ ಮೀಸೆ ನೋಡಿ ಕೇಳಿದ್ದಕ್ಕೆ ಅವರು ನಕ್ಕದ್ದು ಅವಳು ನಿದ್ದೆಹೋದ ಮೇಲೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇನ್ನೊಂದ್ಸಲ ಹೇಳು" ಎಂದರು.

ಯಾರಿಗೂ ಹೇಳಬ್ಯಾಡ ಅಂದಿದ್ದರು, ಇಷ್ಟು ವರ್ಷ ಹೇಳಲಿಲ್ಲ. ಇವತ್ತು ನಿಮಗೆ ಹೇಳಿದೆ. ನನ್ನ ಮೇಲೆ ಸಿಟ್ಟಾಗಲಾರರು. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಬಾಯಿಬಿಟ್ಟು ಹೇಳು ಅಂದರೆ ನನ್ನಿಂದ ಆಗುವುದಿಲ್ಲ.