ಅರ್ಧ ಮುಟ್ಟಿದ ಸುದ್ದಿ

ಅವ್ವ ವಿಜಯಪುರದ ಕಡೆಯವಳು. ಮನೆಯಿಂದ ಯಾರೇ ದೂರ ಹೊರಟರೂ ಅವರು ಮುಟ್ಟಿದ ಸುದ್ದಿ ಬರುವವರೆಗೆ ಉಣ್ಣುವುದಿಲ್ಲ. ಮುಂಬೈ ಮಗ್ಗುಲಿನ ನಮ್ಮ ಡೊಂಬಿವಲಿಯಿಂದ ಹೊರಟು ಕಲ್ಯಾಣದಲ್ಲಿ ರೈಲು ಬದಲಿಸಿ ಊರಿಗೆ ಹೋಗುವವರ ಮಟ್ಟಿಗೆ ಇದು ಹೇಗೋ ನಡೆಯುತ್ತಿತ್ತು. ಈಗ ಅವಳಿಗೆ ಸಕ್ಕರೆ ಕಾಯಿಲೆ, ಮತ್ತು ನನ್ನ ತಂಗಿ ನರ್ಸ್ ಕೆಲಸಕ್ಕೆಂದು ಆಸ್ಟ್ರೇಲಿಯಾದ ಪರ್ತ್‌ಗೆ ಹೊರಟಿದ್ದಳು. ಅವ್ವ ಎಷ್ಟು ಹೊತ್ತು ಹಸಿದಿರಬೇಕಾಗುತ್ತದೆ ಎಂಬುದೇ ನನ್ನ ಚಿಂತೆ.

ತಂಗಿಯ ವಿಮಾನ ನಸುಕಿನಲ್ಲೇ ಹಾರಿತು. ಡೊಂಬಿವಲಿಯ ಮನೆಗೆ ಮರಳಿದವಳು ಮುಂಬೈಗೂ ಪರ್ತ್‌ಗೂ ಎಷ್ಟು ದೂರವೆಂದು ಮೊಬೈಲಿನಲ್ಲಿ ಹುಡುಕಿದೆ. ಒಂದು ಪುಟ ದೂರವನ್ನು ತೋರಿಸಿ ಪಕ್ಕದಲ್ಲೇ ಪ್ರಯಾಣದ ಅವಧಿಯನ್ನೂ ಕೊಟ್ಟಿತು: ಸುಮಾರು ಒಂಬತ್ತು ತಾಸು.

"ಮಧ್ಯಾಹ್ನ ಊಟದ ಹೊತ್ತಿಗೆ ಮುಟ್ತಾಳ" ಎಂದೆ. ಅದನ್ನು ನಂಬಿ ಅವ್ವ ಊಟಕ್ಕೆ ಮುಂಚಿನ ಗುಳಿಗೆ ನುಂಗಿ ಕೂತಳು.

ಫೋನ್ ಬರಲಿಲ್ಲ. ಗುಳಿಗೆ ನುಂಗಿ ಉಣ್ಣದೆ ಕೂತದ್ದಕ್ಕೆ ಸಕ್ಕರೆ ಇಳಿದು ಅವಳ ಕೈ ನಡುಗತೊಡಗಿತು. ಸಕ್ಕರೆ ನೀರು ತಂದರೆ ತುಟಿ ಬಿಗಿದು ಬೇಡವೆಂದು ತಲೆಯಾಡಿಸಿದಳು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಮೊಬೈಲ್ ಕಿತ್ತುಕೊಂಡು ಆ ಪುಟ ನೋಡಿದಳು.

"ಮಮ್ಮಿ, ಡೈರೆಕ್ಟ್ ಫ್ಲೈಟ್ ಹೈಚ್ ನಹೀ! ಮೌಶಿ ಸಿಂಗಾಪುರ ಹೋಕೆ ಜಾಯೇಗಿ."

ನೇರ ವಿಮಾನವೇ ಇಲ್ಲ; ಅವಳ ಮೌಶಿ, ಅಂದರೆ ಚಿಕ್ಕಮ್ಮ, ಸಿಂಗಾಪುರದ ಮೇಲೆ ಹೋಗುವವಳು. ಪುಟ ಕೊಟ್ಟದ್ದು ನೇರ ಗೆರೆ ಎಳೆದು ಮಾಡಿದ ಲೆಕ್ಕ. ತಂಗಿಯ ವಿಮಾನ ಆ ಗೆರೆಯ ಮೇಲೆ ಇರಲೇ ಇಲ್ಲ. ಟಿಕೆಟನ್ನು ನಾನೂ ನೋಡಿದ್ದೆನಲ್ಲ? ಅದರಲ್ಲಿ ಸಿಂಗಾಪುರ ಕಂಡಿತ್ತೋ, ಕಂಡಿತ್ತೆಂದು ಈಗ ಅನಿಸುತ್ತಿದೆಯೋ ತಿಳಿಯದು.

"ಯಾಕ, ಆಕಾಶದಾಗೂ ಕಲ್ಯಾಣ ಐತೇನ, ಗಾಡಿ ಬದಲಿ ಮಾಡಾಕ?" ಅವ್ವ ಗದರಿದಳು.

ಅಷ್ಟರಲ್ಲಿ ತಂಗಿಯ ವಿಡಿಯೊ ಕಾಲ್ ಬಂತು.

"ಮುಟ್ಟಿದೇನ?" ಎಂದಳು ಅವ್ವ.

"ಸಿಂಗಾಪುರ ಮುಟ್ಟೀನಿ ಬೇ, ವೈಫೈ ಈಗ ಸಿಕ್ತು. ಪರ್ತ್ ಇನ್ನೂ ದೂರ ಐತಿ."

"ಮುಟ್ಟೀನಿ ಅಂತಿ, ದೂರ ಐತಿ ಅಂತಿ. ಎರಡರಾಗ ಒಂದ ಹೇಳ."

"ಅರ್ಧಾ ಮುಟ್ಟೀನಿ ಅಂತ ತಿಳಕೊ. ಮೊದಲ ಉಣ್ಣ ನೀ."

ಅವ್ವ ತಾಟು ಎಳೆದುಕೊಂಡಳು. ಜೋಳದ ರೊಟ್ಟಿಯನ್ನು ನಟ್ಟನಡುವೆ ಮುರಿದಳು. "ಅರ್ಧಾ ಮುಟ್ಟಿದ್ದಕ್ಕ ಅರ್ಧಾ ರೊಟ್ಟಿ."

ಫೋನ್ ಬರುವ ಮೊದಲೇ, ನಡುಕ ತಾಳಲಾರದೆ, ಅಜ್ಜಿ ರೊಟ್ಟಿ ಮುರಿದಿದ್ದಳು ಎನ್ನುತ್ತಾಳೆ ಮಗಳು. ಇದ್ದರೂ ಇರಬಹುದು. ಉಂಡ ಮೇಲೆ ಅವ್ವನ ಕೈ ನಿಧಾನವಾಗಿ ಸ್ತಿಮಿತಕ್ಕೆ ಬಂದದ್ದು ಮಾತ್ರ ನಮ್ಮಿಬ್ಬರಿಗೂ ನೆನಪಿದೆ.

"ಉಳಿದಿದ್ದು ಎಷ್ಟೊತ್ತಿಗೆ?" ಎಂದು ಅವ್ವ ನನ್ನನ್ನು ಕೇಳಿದಳು. ಪರ್ತ್‌ನ ಗಡಿಯಾರ ನಮ್ಮದಕ್ಕಿಂತ ಮುಂದು. ಫೋನ್ ಇಡುವಾಗ ತಂಗಿ ಹೇಳಿದ ಮುಟ್ಟುವ ಹೊತ್ತು ಅಲ್ಲಿಯದೋ ಇಲ್ಲಿಯದೋ ನಾನು ಕೇಳಿರಲಿಲ್ಲ.

"ಗೊತ್ತಿಲ್ಲ ಬೇ."

"ಹಂಗಾದ್ರ ಈ ಅರ್ಧಾ ನೀ ತಿಂದುಬಿಡ. ಆಕಿ ಮುಟ್ಟಿದ ಮ್ಯಾಲ ನಾ ಬಿಸಿ ರೊಟ್ಟಿ ಬಡಕೋತೀನಿ."