ಆಕ್ಷೇಪಣಾ ವೀರ ಗುರುಬಸಪ್ಪ ಮತ್ತು ಹನ್ನೊಂದು ಹಿರಿಯ ಮಕ್ಕಳ ತಿಂಡಿ

ಗದಗಿನ ಗುರುಬಸಪ್ಪನವರು ಸಿಂಗಾಪುರಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಈ ಹದಿನಾಲ್ಕು ವರ್ಷಗಳಲ್ಲಿ ಅವರು ಯಾರ ಮಾತನ್ನಾದರೂ ಒಪ್ಪಿದ ದಾಖಲೆ ಇಲ್ಲ. ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಅವರದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಲು ಸಂಬಳ ಕೊಡುವ ಉದ್ಯೋಗವೊಂದು ಭೂಲೋಕದಲ್ಲಿದೆ ಎಂದು ತಿಳಿದ ದಿನ ಅವರು ಶಿವನಿಗೆ ಕೈಮುಗಿದಿದ್ದರಂತೆ. ತೊಂದರೆ ಇಷ್ಟೇ: ಸಂಜೆ ಆರಕ್ಕೆ ಆಫೀಸು ಮುಚ್ಚುತ್ತಿತ್ತು, ಗುರುಬಸಪ್ಪನವರ ಬಾಯಿ ಮುಚ್ಚುತ್ತಿರಲಿಲ್ಲ.

ಪುಂಗೋಲಿನ ಅವರ ಬ್ಲಾಕಿನಲ್ಲಿ ಲಿಫ್ಟಿನ ನೋಟೀಸಿಗೆ ಅವರ ಆಕ್ಷೇಪವಿತ್ತು, ಕಟ್ಟಡದ ತಳದ ತೆರೆದ ಜಾಗವಾದ ವಾಯ್ಡ್ ಡೆಕ್ಕಿನ ಬೆಂಚುಗಳ ದಿಕ್ಕಿಗೆ ಆಕ್ಷೇಪವಿತ್ತು, ಗೆಳೆಯರೊಬ್ಬರ ಗೃಹಪ್ರವೇಶದಲ್ಲಿ ಪುರೋಹಿತರು ಪೂರ್ವವೆಂದು ತೋರಿಸಿದ್ದು ನಿಜಕ್ಕೂ ಪೂರ್ವವೇ ಎಂಬ ಬಗ್ಗೆಯೂ ಇತ್ತು. ಅದಕ್ಕಾಗಿ ಅವರು ಮೊಬೈಲಿನ ದಿಕ್ಸೂಚಿಯನ್ನು ಹೋಮಕುಂಡದ ಮೇಲೆ ಹಿಡಿದು ಕೈ ಸುಟ್ಟುಕೊಂಡಿದ್ದರು. ಕನ್ನಡ ಗೆಳೆಯರ ಕೂಟದ ಮೀಟಿಂಗುಗಳಲ್ಲಿ ರಾಜ್ಯೋತ್ಸವದ ಊಟದ ಮೆನು ತೀರ್ಮಾನವಾಗುವಷ್ಟರಲ್ಲಿ ಡಿಸೆಂಬರ್ ಬರುತ್ತಿತ್ತು. ಕೊನೆಗೆ ಕಾರ್ಯದರ್ಶಿ ಮಹಾಬಲೇಶ್ವರ ಅವರು ಒಂದು ಉಪಾಯ ಹೂಡಿದರು.

"ಗುರುಬಸಪ್ಪ ಸರ್, ನಿಮ್ಮನ್ನ ಈ ವರ್ಷದಿಂದ ಮಾರ್ಗದರ್ಶಕರು ಅಂತ ಅಪಾಯಿಂಟ್ ಮಾಡಿದೀವಿ. ಇನ್ಮೇಲೆ ನೀವು ಮೀಟಿಂಗಿಗೆ ಬರೋ ಅಗತ್ಯವೇ ಇಲ್ಲ!"

ಚಪ್ಪಾಳೆ ಬಿತ್ತು. ಹದಿನಾಲ್ಕು ವರ್ಷದಲ್ಲಿ ಅಷ್ಟು ಜೋರಾಗಿ ಯಾರಿಗೂ ಬಿದ್ದಿರಲಿಲ್ಲ. ಗುರುಬಸಪ್ಪನವರು ನಗುತ್ತಲೇ ಮನೆಗೆ ಬಂದರು. ಆದರೆ ಆ ರಾತ್ರಿ ರೊಟ್ಟಿಯನ್ನು ಒಂದೇ ತಿಂದರು ಎಂದು ಹೆಂಡತಿ ಚನ್ನಬಸವ್ವ ಗಮನಿಸಿದರು.

ಹೀಗೆ ಯುದ್ಧಭೂಮಿಯಿಲ್ಲದೆ ಅಲೆಯುತ್ತಿದ್ದ ವೀರನಿಗೆ 2014ರ ಅಕ್ಟೋಬರಿನಲ್ಲಿ ನಿಸ್ಸಿಮ್ ಎಲಾಯಸ್ ಸಿಕ್ಕಿದರು. ಆಫೀಸಿನ ಕೆಳಗಿನ ಹುಲ್ಲುಹಾಸಿನ ಪಕ್ಕದ ಬೆಂಚು. ಒಂದು ತುದಿಯಲ್ಲಿ ಗುರುಬಸಪ್ಪ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದು ತುದಿಯಲ್ಲಿ ತಲೆಯ ಮೇಲೆ ಪುಟ್ಟ ಟೋಪಿ ಇಟ್ಟ, ಅರವತ್ತೊಂದರ ದಪ್ಪ ಮನುಷ್ಯ. ಊಟದ ಡಬ್ಬಿ ಪಕ್ಕಕ್ಕಿಟ್ಟು ಕೆಲವು ಜೆರಾಕ್ಸ್ ಹಾಳೆಗಳನ್ನು ನೋಡುತ್ತ ಒಬ್ಬನೇ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದ. ಮೂರು ದಿನ ಗುರುಬಸಪ್ಪ ಸಹಿಸಿದರು. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ಯಾರೂ ಏನೂ ಹೇಳದೆ ಇದ್ರೂ ಇಷ್ಟೊಂದು ಒಪ್ಕೋತಿದ್ದೀರಲ್ಲ, ಯಾರನ್ನ?"

ಆ ಮನುಷ್ಯ ನಕ್ಕುಬಿಟ್ಟ. ಪಕ್ಕದ ಕಟ್ಟಡದ ವಿಮಾ ಕಂಪನಿಯಲ್ಲಿ ಕ್ಲೇಮು ನೋಡುವ ನಿಸ್ಸಿಮ್, ಸಿಂಗಾಪುರದಲ್ಲೇ ಹುಟ್ಟಿ ಬೆಳೆದ ಯಹೂದಿ. ಮುತ್ತಜ್ಜ ಬಾಗ್ದಾದಿನಿಂದ ಬಂದವರು. ತಮ್ಮ ಕಷ್ಟವನ್ನು ಅವರು ಎರಡೇ ಊಟದ ಬಿಡುವಿನಲ್ಲಿ ಹೇಳಿ ಮುಗಿಸಿದರು.

ಅವರ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಬುಧವಾರ ಸಂಜೆ ದೊಡ್ಡವರ ಪಾಠ ನಡೆಯುತ್ತಿತ್ತು. ಹಳೆಯ ಪಂಡಿತರು ವಾದ ಮಾಡಿ, ಪ್ರತಿವಾದ ಮಾಡಿ, ಅರ್ಧ ಸಲ ತೀರ್ಮಾನಕ್ಕೂ ಬಾರದೆ ಬಿಟ್ಟಿರುವ ಬೃಹತ್ ಧರ್ಮಗ್ರಂಥ. ಅದನ್ನು ಒಬ್ಬರೇ ಓದುವ ಪದ್ಧತಿಯಿಲ್ಲ. ಇಬ್ಬಿಬ್ಬರು ಎದುರುಬದುರು ಕೂತು ಓದಬೇಕು, ಒಬ್ಬ ಹೇಳಬೇಕು, ಇನ್ನೊಬ್ಬ ಅದನ್ನು ಬೀಳಿಸಲು ನೋಡಬೇಕು. ನಿಸ್ಸಿಮರ ಜೊತೆಗಾರ ಮೆಲ್ಬರ್ನಿಗೆ ಶಿಫ್ಟ್ ಆಗಿದ್ದ. ಉಳಿದ ಆರು ಜನ ಮೂರು ಜೋಡಿಯಾಗಿದ್ದರು. ನಿಸ್ಸಿಮ್ ಒಂಟಿ, ಜೊತೆಗೆ ಮಂದಬುದ್ಧಿ ಎಂದು ತಮ್ಮನ್ನು ತಾವೇ ಕರೆದುಕೊಂಡರು.

"ಬೈದು ಮಾತಾಡೋರು ಇಲ್ದಿದ್ರೆ ನನಗೆ ಎಲ್ಲಾ ಅರ್ಥ ಆದಂಗೇ ಅನ್ಸುತ್ತೆ ಲಾ. ಅದೇ ನನ್ನ ಕಾಯಿಲೆ," ಎಂದರು ತಮ್ಮ ಸಿಂಗಾಪುರದ ಇಂಗ್ಲಿಷಿನಲ್ಲಿ, ಅಲ್ಲಿನವರ ರೂಢಿಯ 'ಲಾ' ಸೇರಿಸಿ.

ಕಾಯಿಲೆ ಹಳೆಯದು. ಹದಿಮೂರನೆಯ ವಯಸ್ಸಿನಲ್ಲಿ ನಿಸ್ಸಿಮ್ ಸಿನಗಾಗಿನಲ್ಲಿ ಎಲ್ಲರೆದುರು ತಮ್ಮ ಪಾಲಿನ ಓದನ್ನು ಉರು ಹೊಡೆದು ಒಪ್ಪಿಸಿದ್ದರು. ಮನೆಗೆ ನಡೆಯುವ ದಾರಿಯಲ್ಲಿ ಅಪ್ಪ ಕೇಳಿದ್ದರು: "ಓದಿದ್ದರ ಅರ್ಥ ಏನು ಮಗಾ?" ಹುಡುಗ ಗೊತ್ತಿದ್ದವನಂತೆ ತಲೆಯಾಡಿಸಿದ. ಅಪ್ಪನೂ ಸುಮ್ಮನೆ ಐಸ್‌ಕ್ರೀಮು ಕೊಡಿಸಿದರು. ಅಪ್ಪ ಹೋಗಿ ಇಪ್ಪತ್ತು ವರ್ಷವಾಯಿತು, ಆ ಐಸ್‌ಕ್ರೀಮು ಇನ್ನೂ ಗಂಟಲಲ್ಲಿದೆ ಎಂದರು ನಿಸ್ಸಿಮ್. ಅದಕ್ಕೇ ಕಳೆದ ಏಪ್ರಿಲಿನಲ್ಲಿ ಎಲ್ಲರೆದುರು ಕೈಯೆತ್ತಿ ಒಂದು ಪ್ರತಿಜ್ಞೆ ಮಾಡಿಬಿಟ್ಟಿದ್ದರು.

ಆ ಪ್ರತಿಜ್ಞೆ ಭೀಷ್ಮನದಕ್ಕಿಂತ ಕಡಿಮೆಯದಲ್ಲ. ಯಹೂದಿಗಳ ಪಾಸೋವರ್ ಹಬ್ಬದ ಮುನ್ನಾದಿನ ಮನೆಗೆ ಮೊದಲು ಹುಟ್ಟಿದ ಹಿರಿಯ ಗಂಡುಮಕ್ಕಳೆಲ್ಲ ಉಪವಾಸವಿರಬೇಕು. ಆದರೆ ಆ ಬೆಳಿಗ್ಗೆ ಸಿನಗಾಗಿನಲ್ಲಿ ಯಾರಾದರೊಬ್ಬರು ಗ್ರಂಥದ ಒಂದು ಭಾಗವನ್ನು ಪೂರ್ತಿ ಓದಿ ಮುಗಿಸಿದರೆ ಅದು ಸಂಭ್ರಮ. ಸಂಭ್ರಮದಲ್ಲಿ ಕೂತ ಹಿರಿಯ ಮಕ್ಕಳೆಲ್ಲ ಉಪವಾಸ ಬಿಟ್ಟು ತಿನ್ನಬಹುದು. ಪ್ರತಿ ವರ್ಷ ಧರ್ಮಗುರು ರಬ್ಬಿಯವರೇ ಓದಿ ಮುಗಿಸಿ ಎಲ್ಲರ ಹೊಟ್ಟೆ ಕಾಪಾಡುತ್ತಿದ್ದರು. ಮುಂದಿನ ಸಲ ನಾನು ಮುಗಿಸುತ್ತೇನೆ ಎಂದಿದ್ದರು ನಿಸ್ಸಿಮ್. ರಬ್ಬಿಯವರು ಖುಷಿಯಿಂದ ಬಿಟ್ಟುಕೊಟ್ಟಿದ್ದರು. ಹನ್ನೊಂದು ಹಿರಿಯ ಮಕ್ಕಳ ತಿಂಡಿ ಈಗ ನಿಸ್ಸಿಮರ ತಲೆಯ ಮೇಲಿತ್ತು. ತಮಾಷೆಯೆಂದರೆ, ಅವರು ಆರಿಸಿಕೊಂಡ ಭಾಗವೂ ಉಪವಾಸದ ಬಗ್ಗೆಯೇ ಇತ್ತು.

"ಬುಧವಾರ ಓದಿದ್ದನ್ನ ಮಧ್ಯಾಹ್ನ ನಿನಗೆ ಹೇಳ್ತೀನಿ. ನೀನು ಆಕ್ಷೇಪ ಮಾಡು. ರಬ್ಬೀನ ಕೇಳಿದೆ, ಆಗಬಹುದು ಅಂದ್ರು. ಮಾಡ್ತೀಯಾ ಗುರು?"

ಯಾರಾದರೂ ಬಾಯಿಬಿಟ್ಟು ಆಕ್ಷೇಪ ಮಾಡು ಎಂದು ಬೇಡಿಕೊಂಡದ್ದು ಗುರುಬಸಪ್ಪನವರ ಜೀವಮಾನದಲ್ಲಿ ಅದೇ ಮೊದಲು. ಅವರ ಕಣ್ಣು ತೇವವಾಯಿತು. ಚಟ್ನಿ ಖಾರವಾಗಿತ್ತು ಎಂದು ಆಮೇಲೆ ಹೇಳಿಕೊಂಡರು.

ಅಲ್ಲಿಂದ ಆರು ತಿಂಗಳು ಆ ಬೆಂಚಿನ ಮೇಲೆ ಘನಘೋರ ಕಾಳಗ. ತಮ್ಮ ಧರ್ಮದ ಆಹಾರ ನಿಯಮದಂತೆ ನಿಸ್ಸಿಮ್ ಇವರ ರೊಟ್ಟಿ ಮುಟ್ಟುವಂತಿಲ್ಲ, ಸಸ್ಯಾಹಾರಿಯಾದ ಇವರು ಅವರ ಕೋಳಿ ಮುಟ್ಟುವಂತಿಲ್ಲ. ಡಬ್ಬಿಗಳೆರಡೂ ಗಡಿ ಕಾಯುವ ಸೈನಿಕರಂತೆ ದೂರ ದೂರ. ಮಳೆಗಾಗಿ ಊರೆಲ್ಲ ಉಪವಾಸ ಕೂತಿದೆ, ಮಧ್ಯಾಹ್ನದೊಳಗೆ ಮಳೆ ಬಂದರೆ ಎದ್ದು ಉಣ್ಣಬಹುದು ಎಂದು ನಿಸ್ಸಿಮ್ ಹೇಳಿದರೆ, "ಹೆಂಚು ನೆನೆಯೋವಷ್ಟೋ, ಹೊಲ ನೆನೆಯೋವಷ್ಟೋ?" ಎಂದು ಇವರು. ಗದಗಿನವರಿಗೆ ಮಳೆಯ ವಿಷಯದಲ್ಲಿ ಯಾರೂ ಸುಲಭಕ್ಕೆ ಬುದ್ಧಿ ಹೇಳಲಾಗದು. ನಿಸ್ಸಿಮ್ ತಡಬಡಾಯಿಸುವರು, ಬುಧವಾರ ಹೋಗಿ ರಬ್ಬಿಯವರನ್ನು ಕಾಡಿ ಉತ್ತರ ತರುವರು. ಗುರುಬಸಪ್ಪ ಮಾತ್ರ ಆಫೀಸಿನ ಶಿಸ್ತಿನಂತೆ ಪ್ರತಿ ಆಕ್ಷೇಪಕ್ಕೂ ನಂಬರು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಉತ್ತರ ಬಂದರೆ ಎದುರಿಗೆ "ಕ್ಲೋಸ್". ಬಾರದಿದ್ದರೆ "ಓಪನ್". ನಿಸ್ಸಿಮರ ಹೂಂಗುಟ್ಟುವಿಕೆ ಜನವರಿಯಲ್ಲಿ ಕಡಿಮೆಯಾಯಿತು, ಮಾರ್ಚಿನಲ್ಲಿ ನಿಂತೇಹೋಯಿತು.

2015ರ ಏಪ್ರಿಲ್ ಎರಡು, ಗುರುವಾರ. ಮರುದಿನ ಬೆಳಿಗ್ಗೆ ಸಂಭ್ರಮ. ರಬ್ಬಿಯವರ ಆಜ್ಞೆ ಸ್ಪಷ್ಟವಾಗಿತ್ತು: ಕೊನೆಯ ನಾಲ್ಕು ಸಾಲು ಓದಬೇಡ, ಅದು ನಾಳೆಗೆ. ನಿಸ್ಸಿಮ್ ಆ ಸಾಲುಗಳ ಮೇಲೆ ಹಳದಿ ಚೀಟಿ ಅಂಟಿಸಿದ್ದರು.

ಆ ಮಧ್ಯಾಹ್ನ ಗುರುಬಸಪ್ಪನವರು ಅಪ್ರತಿಮ ಹುರುಪಿನಲ್ಲಿದ್ದರು. ಒಂದು, ಎರಡು, ಮೂರು ಬಾಣ. ನಿಸ್ಸಿಮ್ ಮೂರನ್ನೂ ತುಂಡರಿಸಿದರು. ನಾಲ್ಕನೆಯದಾಗಿ ಗುರುಬಸಪ್ಪ, "ಹಂಗಾದ್ರೆ ಕೊನೆಗೆ ಏನಾಯ್ತು? ನಿಮ್ಮ ಪಂಡಿತರಿಗೇ ಗೊತ್ತಿಲ್ಲ ಅನ್ನಿ!" ಎಂದು ಕೆಣಕಿದರು.

"ಗೊತ್ತಿಲ್ವಾ? ಕೇಳು!" ನಿಸ್ಸಿಮ್ ಎದ್ದು ನಿಂತರು. ಹಳದಿ ಚೀಟಿ ಹಾರಿತು. ನಾಲ್ಕೂ ಸಾಲು ಮೂಲದಲ್ಲಿ, ರಾಗವಾಗಿ, ಅರ್ಥಸಹಿತ, ರಾಫೆಲ್ಸ್ ಪ್ಲೇಸಿನ ಬ್ಯಾಂಕರುಗಳೆಲ್ಲ ತಿರುಗಿ ನೋಡುವಂತೆ ಓದಿದರು. "ಈಗ ಹೇಳು!"

ಗುರುಬಸಪ್ಪ ನೆಲಕ್ಕೆ ಬಿದ್ದ ಹಳದಿ ಚೀಟಿಯನ್ನು ನೋಡುತ್ತಿದ್ದರು. ನಿಸ್ಸಿಮರೂ ನೋಡಿದರು. ಆಮೇಲೆ ಮೆಲ್ಲಗೆ ಕೂತರು.

"ಮುಗಿಸಿಬಿಟ್ಟೆ," ಎಂದರು. "ಒಂದು ದಿನ ಮುಂಚೆ."

ನಾಳೆಗೆ ಮುಗಿಸಲು ಏನೂ ಉಳಿದಿರಲಿಲ್ಲ. ಬದಲಿಗೆ ರಬ್ಬಿಯವರೂ ಏನೂ ಸಿದ್ಧಮಾಡಿಕೊಂಡಿರಲಿಲ್ಲ. "ಹನ್ನೊಂದು ಜನ ಹಸಿದಿರ್ತಾರೆ, ಅದು ಬಿಡು, ಒಂದು ದಿನ ಹಸಿದ್ರೆ ಯಾರೂ ಸಾಯಲ್ಲ. ಅರ್ಥ ಆಗಿ ಓದಿದ್ದು ಇದೊಂದೇ ಸಲ ಗುರು. ಎಲ್ಲರೆದುರು ಹೇಳಬೇಕಿತ್ತು." ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಅವರು ಹೊರಟುಹೋದರು.

ಸಂಜೆ ಮನೆಯಲ್ಲಿ ಗುರುಬಸಪ್ಪ ಗೋಡೆ ನೋಡುತ್ತ ಕೂತರು.

"ಯಾಕ್ರೀ, ಮಾರಿ ಸಪ್ಪಗ ಆಗೇತಿ?" ಚನ್ನಬಸವ್ವ ಕೇಳಿದರು.

"ಕೆಣಕಿದಾಂವ ನಾನಽ. ನನ್ನ ಬಾಯಿಂದ ಆ ಮನುಷ್ಯಾ ಕೆಟ್ಟ." ಎಲ್ಲವನ್ನೂ ಹೇಳಿದರು.

ಚನ್ನಬಸವ್ವ ಕೇಳಿಸಿಕೊಂಡರು. "ಅವರು ಮುಗಿಸಿದ್ರು, ಖರೆ. ನಿಮ್ಮವು ಮುಗದಾವೇನು? ಇಪ್ಪತ್ತೇಳು ವರ್ಷದಾಗ ನಿಮ್ಮ ತಕರಾರು ಪೂರಾ ಮುಗಿದಿದ್ದ ನಾ ಅಂತೂ ಕಂಡಿಲ್ಲ ನೋಡ್ರಿ."

ಗುರುಬಸಪ್ಪ ಬ್ಯಾಗಿಗೆ ಹಾರಿದರು. ನೋಟ್‌ಬುಕ್ಕಿನ ಪುಟಗಳು ಸರಸರ ತಿರುಗಿದವು. ಕ್ಲೋಸ್, ಕ್ಲೋಸ್, ಕ್ಲೋಸ್... ಜನವರಿ ಹದಿನಾಲ್ಕು, ಆಕ್ಷೇಪ ಮೂವತ್ತೇಳು. ನಿಸ್ಸಿಮ್ ಆ ದಿನ "ನಾಳೆ ಹೇಳ್ತೀನಿ" ಎಂದು ಮರೆತಿದ್ದರು. ಎದುರಿಗೆ ಅಚ್ಚ ಕೆಂಪು ಅಕ್ಷರದಲ್ಲಿ: ಓಪನ್.

ಫೋನಿನಲ್ಲಿ ಅವರು ಕಿರುಚಿದ್ದು ಮೇಲಿನ ಮನೆಗೂ ಕೇಳಿಸಿತಂತೆ. "ನಿಸ್ಸಿಮ್! ನೀವು ಮುಗಿಸಿಲ್ಲ! ಒಂದು ಓಪನ್ ಇದ್ರೂ ಕೆಲಸ ಮುಗಿದಂಗಲ್ಲ, ನಮ್ಮ ಬ್ಯಾಂಕಲ್ಲಿ ಯಾರನ್ನ ಬೇಕಾದ್ರೂ ಕೇಳಿ!"

ನಿಸ್ಸಿಮ್ ಬ್ಯಾಂಕನ್ನು ಕೇಳಲಿಲ್ಲ, ರಬ್ಬಿಯವರನ್ನು ಕೇಳಿದರು. ರಬ್ಬಿಯವರು ಆ ಆಕ್ಷೇಪವನ್ನು ಎರಡು ಸಲ ಓದಿಸಿ ಕೇಳಿ, ಜೋರಾಗಿ ನಕ್ಕು, ತೀರ್ಪು ಕೊಟ್ಟರು: ಅರ್ಥವಾಗದೆ ಉಳಿದದ್ದು ಓದಿದ ಲೆಕ್ಕಕ್ಕೆ ಬಾರದು. ನಾಳೆ ಆಕ್ಷೇಪ ಎತ್ತಿದವನನ್ನೂ ಕರೆದುಕೊಂಡು ಬಾ. ಎಲ್ಲರೆದುರು ಉತ್ತರ ಹೇಳು, ಕೊನೆಯ ಸಾಲುಗಳನ್ನು ಮತ್ತೆ ಓದು. ಅವನು ಒಪ್ಪಿದರೆ ಮುಗಿದಂತೆ. ಒಪ್ಪದಿದ್ದರೆ ಎಲ್ಲರಿಗೂ ಉಪವಾಸ.

ಗುರುಬಸಪ್ಪ ಒಪ್ಪಿದರೆ! ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೆ ಎಂದಹಾಗಾಯಿತು.

ಶುಕ್ರವಾರ ಗುಡ್ ಫ್ರೈಡೆ, ಎಲ್ಲರಿಗೂ ರಜೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸಿನಗಾಗಿನ ಊಟದ ಹಾಲಿನಲ್ಲಿ ಹನ್ನೊಂದು ಹಿರಿಯ ಮಕ್ಕಳು ಮೇಜಿನ ಸುತ್ತ ಕೂತರು. ಮೇಜಿನ ಮೇಲೆ ಬ್ರೆಡ್ಡು, ಕೇಕು, ಮುಚ್ಚಿಟ್ಟ ಒಂದು ಪಾತ್ರೆ. ಇನ್ನೊಂದು ಗಂಡಾಂತರವೂ ಇತ್ತು: ಹಬ್ಬದ ನಿಯಮದಂತೆ ಹತ್ತೂವರೆಯ ನಂತರ ಬ್ರೆಡ್ಡು, ಕೇಕು ಬಾಯಿಗಿಡುವಂತಿಲ್ಲ. ಗಡಿಯಾರ ಹತ್ತು ತೋರಿಸುತ್ತಿತ್ತು. ಎಪ್ಪತ್ತೆಂಟರ ಮೆನಾಸೆ ಅಂಕಲ್ ಕೇಕಿನ ಮೇಲೆ ದೃಷ್ಟಿ ನೆಟ್ಟು, "ಆ ಇಂಡಿಯನ್ ಯಾವನಪ್ಪ? ಬೇಗ ಒಪ್ಪೋ ಜಾತೀನಾ?" ಎಂದು ವಿಚಾರಿಸಿದರು. ಗಂಡನ ಜೊತೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತ ಚನ್ನಬಸವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಗುರುಬಸಪ್ಪ ಎದ್ದು, ನೋಟ್‌ಬುಕ್ ತೆರೆದು, ಗಂಭೀರವಾಗಿ ಓದಿದರು. "ಮೂವತ್ತೇಳು. ಊರೆಲ್ಲ ಮಳೆಗಾಗಿ ಉಪವಾಸ ಕೂತಿದೆ. ಮಳೆ ಬಂತು, ಆದ್ರೆ ನಿಮ್ಮ ಬೀದಿಗೆ ಮಾತ್ರ. ಪಕ್ಕದ ನನ್ನ ಬೀದಿ ಒಣಗಿದೆ. ನೀವು ಊಟ ಮಾಡಬಹುದಾ?"

"ಇಲ್ಲ," ಎಂದರು ನಿಸ್ಸಿಮ್. "ಉಪವಾಸ ಕೂತಿದ್ದು ಊರಿಗೆ, ನನ್ನ ಬೀದಿಗಲ್ಲ."

ಹನ್ನೊಂದು ಮುಖಗಳು ಗುರುಬಸಪ್ಪನವರ ಕಡೆ ತಿರುಗಿದವು. ಒಂದು ಆಕ್ಷೇಪ, ಬಲು ಸೊಗಸಾದದ್ದು, ಗಂಟಲಿಗೆ ಬಂದು ನಿಂತಿತ್ತು. ಅವರು ಕೇಕನ್ನು ನೋಡಿದರು, ಗಡಿಯಾರ ನೋಡಿದರು, ಆ ಆಕ್ಷೇಪವನ್ನು ನುಂಗಲು ಹೊರಟರು.

"ಗುರು," ನಿಸ್ಸಿಮ್ ತಡೆದರು. "ದಾನ ಬೇಡ. ಇದ್ರೆ ಹಾಕು."

"ಅಯ್ಯೋ ದೇವರೇ," ಎಂದರು ಮೆನಾಸೆ ಅಂಕಲ್.

"ಹಂಗಾದ್ರೆ ನನ್ನ ಬೀದಿಗೆ ಮಳೆ ಬರಲೇ ಇಲ್ಲ ಅಂದ್ರೆ?" ಗುರುಬಸಪ್ಪ ಹಾಕಿಯೇಬಿಟ್ಟರು. "ನೀವೂ ಸಾಯೋವರೆಗೂ ಉಪವಾಸನಾ? ಇದ್ಯಾವ ನ್ಯಾಯ?"

ಗಡಿಯಾರದಲ್ಲಿ ಹತ್ತೂ ಹನ್ನೆರಡು. ನಿಸ್ಸಿಮ್ ತಲೆಯಾಡಿಸಲಿಲ್ಲ. ಹಾಳೆ ನೋಡಲಿಲ್ಲ, ರಬ್ಬಿಯವರನ್ನೂ ನೋಡಲಿಲ್ಲ. ಮೇಜಿನ ಸುತ್ತ ಕೂತವರನ್ನು ಒಬ್ಬೊಬ್ಬರಾಗಿ ನೋಡಿದರು.

"ಮಳೆ ನಿನ್ನ ಬೀದಿಗೆ ಆಕಾಶದಿಂದಲೇ ಬರಬೇಕು ಅಂತ ಯಾರು ಹೇಳಿದ್ರು? ನನ್ನ ಬೀದಿಗೆ ಬಿದ್ದ ನೀರನ್ನ ಬಕೆಟ್ಟಲ್ಲಿ ಹೊತ್ಕೊಂಡು ನಿನ್ನ ಮನೆಗೆ ಬರ್ತೀನಿ. ನಿನ್ನ ಹಂಡೆ ತುಂಬಿದ ಮೇಲೆ ಇಬ್ರೂ ಕೂತು ಊಟ ಮಾಡೋಣ. ಈಗ ಇಲ್ಲಿ ಆಗ್ತಿರೋದೂ ಅದೇ ತಾನೆ? ಓದಿದ್ದು ನಾನೊಬ್ಬ. ತಿನ್ನೋದು ಹನ್ನೊಂದು ಜನ. ಮಳೆ ಬಿದ್ದಿದ್ದು ಒಂದು ಬೀದಿಗೆ ಲಾ. ಅದೂ ನೀನು ಆರು ತಿಂಗಳು ಬೆಂಚಿನ ಮೇಲೆ ಕೂತು ಗುಡುಗಿದ್ದಕ್ಕೆ."

ಗುರುಬಸಪ್ಪ ಗಂಟಲಲ್ಲಿ ಇನ್ನೊಂದು ಆಕ್ಷೇಪ ಹುಡುಕಿದರು. ಏನೂ ಇರಲಿಲ್ಲ; ನಿಜವಾಗಿಯೂ ಏನೂ ಇರಲಿಲ್ಲ. ಹಿಂದೆ ಚನ್ನಬಸವ್ವ ಕುರ್ಚಿಯ ತುದಿಗೆ ಬಂದಿದ್ದರು.

"ಒಪ್ಪಿದೆ," ಎಂದರು ಗುರುಬಸಪ್ಪ. ಅಭ್ಯಾಸವಿಲ್ಲದ ಶಬ್ದ, ಕನ್ನಡದಲ್ಲೇ ಬಂತು. ಯಾರಿಗೂ ಭಾಷಾಂತರ ಬೇಕಾಗಲಿಲ್ಲ. ಮೂವತ್ತೇಳರ ಎದುರು "ಕ್ಲೋಸ್" ಎಂದು ಬರೆದು, ದಿನಾಂಕ ಹಾಕಿ, ಎರಡು ಸಲ ಅಡಿಗೆರೆ ಎಳೆದರು.

ನಿಸ್ಸಿಮ್ ನಾಲ್ಕು ಸಾಲು ಓದಿದರು. ನಿಧಾನವಾಗಿ, ಪ್ರತಿ ಸಾಲಿನ ಅರ್ಥವನ್ನೂ ತಮ್ಮ ಮಾತಿನಲ್ಲೇ ಹೇಳುತ್ತ. ಹೇಳುವಾಗ ಅವರು ನೋಡುತ್ತಿದ್ದುದು ಬಾಗಿಲ ಬಳಿಯ ಖಾಲಿ ಕುರ್ಚಿಯನ್ನು; ಅಪ್ಪ ಕೂರುತ್ತಿದ್ದ ಜಾಗವಂತೆ. ಮುಗಿದ ಮೇಲೆ ಎಲ್ಲರೂ ಸೇರಿ ಆ ಪುಟಗಳಿಗೆ, ಮನೆಯಿಂದ ಹೊರಡುವ ನೆಂಟರು ಹೇಳುವಂತೆ, ಮತ್ತೆ ಬರುತ್ತೇವೆ ಎಂದು ಬೀಳ್ಕೊಡುವ ಮಾತು ಹೇಳಿದರು. "ಪುಸ್ತಕಕ್ಕೂ 'ಹೋಗಿ ಬರ್ತೇವಿ' ಅಂತಾರಲ್ರೀ, ನಮ್ಮಂಗಽ," ಎಂದು ಚನ್ನಬಸವ್ವ ಪಿಸುಗುಟ್ಟಿದರು.

ಹತ್ತೂ ಇಪ್ಪತ್ತಕ್ಕೆ ದಾಳಿ ಶುರುವಾಯಿತು. ಕೇಕಿನಲ್ಲಿ ಮೊಟ್ಟೆಯಿದೆ ಎಂದು ಗುರುಬಸಪ್ಪ ಕೈಕಟ್ಟಿ ನಿಂತಿದ್ದರೆ ನಿಸ್ಸಿಮ್ ಮುಚ್ಚಿಟ್ಟ ಪಾತ್ರೆ ತೆರೆದರು. ಅವರ ತಂಗಿ ಮೊಟ್ಟೆಯಿಲ್ಲದೆ, ರವೆಗೆ ಖರ್ಜೂರದ ಪಾಕ ಹಾಕಿ ಇವರಿಬ್ಬರಿಗಾಗಿಯೇ ಮಾಡಿದ ಸಿಹಿ.

"ಇದು ನಮ್ಮ ಸಜ್ಜಕ!" ಎಂದರು ಗುರುಬಸಪ್ಪ, ಬಾಯಿತುಂಬ. ತುಪ್ಪದ ಬಗ್ಗೆ ಒಂದು ಮಾತು ಬರಲಿತ್ತು, ತಡೆದುಕೊಂಡರು.

"ಮುಂದಿನ ಭಾಗ ಹಬ್ಬ ಮುಗಿದ ಮೇಲೆ," ಎಂದರು ನಿಸ್ಸಿಮ್, ಅವರ ಭುಜ ಹಿಡಿದು. "ಅಲ್ಲಿವರೆಗೂ ಬಾಯಿ ಚೆನ್ನಾಗಿ ನೋಡ್ಕೋ ಗುರು, ನನಗೆ ಬೇಕು." ಮೆನಾಸೆ ಅಂಕಲ್ ಕೇಕಿನ ಚೂರು ಒರೆಸಿಕೊಳ್ಳುತ್ತ ಬಂದು, "ಮುಂದಿನ ವರ್ಷ ಆಕ್ಷೇಪ ಒಂದೇ ಸಾಕು," ಎಂದು ಕೈಕುಲುಕಿದರು.

ಮನೆಗೆ ಹೋಗುವ ಎಂ.ಆರ್.ಟಿ. ರೈಲಿನಲ್ಲಿ ಸೀಟು ಸಿಕ್ಕಿತು. ಸೆರಂಗೂನ್ ಸ್ಟೇಷನ್ ದಾಟಿದ ಮೇಲೆ ಚನ್ನಬಸವ್ವ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

"ಒಪ್ಪಿದೆ ಅಂದ್ರಿ. ನಾ ಕೇಳೇನಿ. ಮನ್ಯಾಗ ನನ್ನವೂ ಒಂದಿಷ್ಟು ಓಪನ್ ಅದಾವು."

ಗುರುಬಸಪ್ಪ ಒಂದು ಸ್ಟೇಷನ್ ಯೋಚಿಸಿದರು. ಹೌಗಾಂಗ್ ಬಂದಾಗ ನೋಟ್‌ಬುಕ್ಕಿನ ಹೊಸ ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದು, "ಹೇಳು," ಎಂದರು.

ಪುಂಗೋಲ್ ತಲುಪುವಷ್ಟರಲ್ಲಿ ಆರು ಕ್ಲೋಸ್ ಆಗಿದ್ದವು. ಏಳನೆಯದಕ್ಕೆ ಅವರದೊಂದು ಆಕ್ಷೇಪವಿತ್ತು.